ಒಂದು ಲೀಟರಿನ ಲೆಕ್ಕ

2021ರ ಆಗಸ್ಟ್ 1ರಂದು ಹಂಗೇರಿಯ ಬುಡಾಪೆಸ್ಟ್ ಬಳಿ ನಡೆದ ಫಾರ್ಮುಲಾ ಒನ್ ಕಾರ್ ಓಟದಲ್ಲಿ ಆಸ್ಟನ್ ಮಾರ್ಟಿನ್ ತಂಡದ ಸೆಬಾಸ್ಟಿಯನ್ ವೆಟ್ಟೆಲ್ ಎರಡನೆಯವರಾಗಿ ಗುರಿ ಮುಟ್ಟಿದರು. ಆದರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಓಟದ ನಂತರ ತಪಾಸಣೆಗೆಂದು ಕಾರಿನಿಂದ 1 ಲೀಟರ್ ಇಂಧನ ಸಿಗಬೇಕೆಂಬುದು ನಿಯಮ. ಸಿಕ್ಕಿದ್ದು ಕೇವಲ 0.3 ಲೀಟರ್! ವೆಟ್ಟೆಲ್ ಅನರ್ಹರಾದರು, 18 ಅಂಕಗಳೂ ಹೋದವು.

ಈ ತಪಾಸಣೆ ಏತಕ್ಕೆ? ಪೆಟ್ರೋಲ್ ಒಂದೇ ವಸ್ತುವಲ್ಲ, ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದಕ್ಕೆ ಬೇರೇನಾದರೂ ಬೆರೆಸಿ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಳ್ಳಲು ಸಾಧ್ಯ. ಆದ್ದರಿಂದ ಪ್ರತಿ ತಂಡವೂ ತನ್ನ ಇಂಧನಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಓಟದ ನಂತರದ ಮಾದರಿ ಅದರೊಡನೆ ತಾಳೆಯಾಗಬೇಕು. ಇದಕ್ಕೆ ಬಳಸುವ ವಿಧಾನ ಗ್ಯಾಸ್ ಕ್ರೊಮಟೋಗ್ರಫಿ. ಮಾದರಿಯನ್ನು ಆವಿಯಾಗಿಸಿ, ಒಂದು ಅನಿಲದೊಡನೆ ಉದ್ದವಾದ ಸಣ್ಣ ಕೊಳವೆಯಲ್ಲಿ ಹಾಯಿಸುತ್ತಾರೆ. ಒಂದೊಂದು ಘಟಕವೂ ಬೇರೆ ಬೇರೆ ಹೊತ್ತಿಗೆ ಹೊರಬಂದು, ನಕ್ಷೆಯಲ್ಲಿ ಬೆರಳಚ್ಚಿನಂಥ ಗುರುತು ಮೂಡಿಸುತ್ತದೆ. ಇದಕ್ಕೆ ಒಂದು ಹನಿ ಸಾಕು. ಆದರೆ ತಕರಾರು ಬಂದರೆ ಮರುಪರೀಕ್ಷೆ ಬೇಕಲ್ಲವೆ? ಅದಕ್ಕೆ ಮಾದರಿ ಧಾರಾಳವಾಗಿರಬೇಕು.

ಆಸ್ಟನ್ ಮಾರ್ಟಿನ್ ತಂಡ ಸುಮ್ಮನಾಗಲಿಲ್ಲ. ಖರ್ಚಾದ ಇಂಧನವನ್ನು ಕಳೆದರೆ ತೊಟ್ಟಿಯಲ್ಲಿ 1.74 ಲೀಟರ್ ಉಳಿದಿರಲೇಬೇಕು ಎಂದು ಲೆಕ್ಕ ಹಾಕಿ, ತೀರ್ಪಿನ ಮರುಪರಿಶೀಲನೆ ಕೋರಿತು. ಮೇಲ್ಮನವಿಯ ಹಕ್ಕನ್ನೂ ಕಾದಿರಿಸಿಕೊಂಡಿತು. ಮರುಪರಿಶೀಲನೆಗೆ ಹೊಸದಾದ, ಮಹತ್ವದ, ವಿಷಯಕ್ಕೆ ಸಂಬಂಧಪಟ್ಟ ಪುರಾವೆ ಬೇಕು. ನೂರಕ್ಕೂ ಹೆಚ್ಚು ಅಳತೆಗಳನ್ನು ಪರಿಶೀಲಿಸಿದಾಗ ತಂಡಕ್ಕೆ ನಿಜ ಸಂಗತಿ ತಿಳಿಯಿತು. ಇಂಧನ ವ್ಯವಸ್ಥೆಯಲ್ಲಿ ಒತ್ತಡ ಸೋರಿತ್ತು. ಅದನ್ನು ಸರಿದೂಗಿಸಲು ಗಾಳಿಯ ಪಂಪು ಪೂರ್ಣ ಶಕ್ತಿಯಿಂದ ಓಡಿ, ಇಂಧನವನ್ನೇ ಕಾರಿನಿಂದ ಹೊರದೂಡಿತ್ತು!

ಆಗಸ್ಟ್ 9ರಂದು ತೀರ್ಪುಗಾರರು ಹೇಳಿದ್ದಿಷ್ಟು: ಪುರಾವೆ ಹೊಸದು, ನಿಜ. ಆದರೆ ಒಂದು ಲೀಟರಿಗಿಂತ ಹೆಚ್ಚು ಇಂಧನ ಉಳಿದಿತ್ತೆಂದು ಅದು ತೋರಿಸುವುದಿಲ್ಲ. ಏಕೆ ಉಳಿಯಲಿಲ್ಲ ಎಂಬುದು ಇಲ್ಲಿ ಮುಖ್ಯವಲ್ಲ. ಕೋರಿಕೆ ತಿರಸ್ಕೃತವಾಯಿತು. ತಂಡ ಮೇಲ್ಮನವಿಯನ್ನೂ ಕೈಬಿಟ್ಟಿತು. ಎರಡನೆಯ ಸ್ಥಾನ ಲೂಯಿಸ್ ಹ್ಯಾಮಿಲ್ಟನ್ ಪಾಲಾಯಿತು.

ವೆಟ್ಟೆಲ್ ಮೋಸ ಮಾಡಿದರೆಂದು ತೀರ್ಪು ಹೇಳಲಿಲ್ಲ. ಹಾಗಾದರೆ ಇದು ಅನ್ಯಾಯವೆ? ಪ್ರಾಯೋಗಿಕ ಪರೀಕ್ಷೆಯಲ್ಲಿ ಬ್ಯೂರೆಟ್ಟಿನ ಅಳತೆಯನ್ನೇ ತೆಗೆದುಕೊಳ್ಳದೆ, ಸೂತ್ರದಿಂದ ಉತ್ತರ ಬರೆದ ವಿದ್ಯಾರ್ಥಿಯನ್ನು ನೆನೆಯಿರಿ. ಉತ್ತರ ಸರಿಯಿರಬಹುದು, ಆದರೂ ಪೂರ್ಣ ಅಂಕ ಸಿಗದು. ಎಷ್ಟು ಇರಬೇಕೆಂದು ಲೆಕ್ಕ ಹೇಳುತ್ತದೆ. ಎಷ್ಟಿದೆ ಎಂದು ಹೇಳುವುದು ಅಳತೆಯೇ. ಎರಡೂ ಕೂಡದಿದ್ದಾಗ ನಡುವೆ ಎಲ್ಲೋ ಒಂದು ಸೋರಿಕೆ ಇದೆಯೆಂದೇ ಅರ್ಥ. ಅದನ್ನು ಹುಡುಕುವುದೇ ವಿಜ್ಞಾನ.