ಶಾಲೆಯಂಗಳದಿಂದ: ದನಿಗೆ ಎಚ್ಚರಗೊಳ್ಳುವ ಆಂಪ್ಲಿಫಾಯರ್

ಗಡಿಭಾಗದ ಮಗುವಿಗೆ ಕನ್ನಡವು ಕಣ್ಣಿಗಿಂತ ಮೊದಲು ಕಿವಿಗೆ ದೊರೆಯಬೇಕೆಂದು ಈ ಪುಟದಲ್ಲಿ ನಾವು ಹಲವು ಸಲ ಬರೆದಿದ್ದೇವೆ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಉಮರ್ಗಾದಿಂದಲೂ ಕರ್ನಾಟಕದ ಗಡಿ ದೂರವೇನಲ್ಲ. ಆದರೆ ಇಲ್ಲಿಯ ಸಂತೆ, ಬಸ್ಸು, ಕಚೇರಿಗಳ ಮಾತು ಮರಾಠಿ. ಅದು ಸಹಜವೇ, ನಮಗೆ ತಕರಾರಿಲ್ಲ. ಮನೆಯಲ್ಲಿ ಅಜ್ಜಿಯೊಡನೆ ಆಡುವ ನಾಲ್ಕು ಮಾತಿನಾಚೆ ಮಗುವಿನ ಕಿವಿಗೆ ಸ್ಫುಟವಾದ ಕನ್ನಡ ಬೀಳುವುದೆಲ್ಲಿ ಎಂಬುದಷ್ಟೇ ನಮ್ಮ ಚಿಂತೆ. ಆದುದರಿಂದ ನಮ್ಮ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ ಕನ್ನಡ ಕಥೆಯೊಂದನ್ನು ಮೂರೂ ಕೋಣೆಗಳಲ್ಲಿ ಏಕಕಾಲಕ್ಕೆ ಕೇಳಿಸುವ ಏರ್ಪಾಡು ಮಾಡಿದೆವು.

ಆಂಪ್ಲಿಫಾಯರ್ ಹಳೆಯದು, 60 ವಾಟಿನದು. ಕೋಣೆಗೊಂದರಂತೆ 10 ವಾಟಿನ ಮೂರು ಸ್ಪೀಕರು, ಪಡಸಾಲೆಯಲ್ಲಿ 15 ವಾಟಿನ ಭೋಂಗಾ, ಒಟ್ಟು 45. ಉದ್ದ ತಂತಿಯಲ್ಲಿ ಶಕ್ತಿ ಪೋಲಾಗದಂತೆ ಎಲ್ಲವನ್ನೂ 100 ವೋಲ್ಟಿನ ಲೈನಿಗೆ ಜೋಡಿಸಿದೆ. ಅದೇ 60 ವಾಟನ್ನು 8 ಓಮಿನ ಸ್ಪೀಕರಿಗೆ ನೇರವಾಗಿ ಕಳಿಸಿದರೆ ತಂತಿಯಲ್ಲಿ ಸುಮಾರು 2.7 ಆಂಪಿಯರ್ ಹರಿಯಬೇಕು. 100 ವೋಲ್ಟಿನಲ್ಲಾದರೆ 0.6 ಸಾಕು.

ತೊಡಕಿದ್ದುದು ಬೇರೆಡೆ. ಆಂಪ್ಲಿಫಾಯರ್ ಇರುವುದು ಬೀಗ ಹಾಕಿದ ಕಚೇರಿಯಲ್ಲಿ, ಕಥೆ ನುಡಿಸುವ ಫೋನು ಕೊನೆಯ ಕೋಣೆಯ ಶಿಕ್ಷಕಿಯ ಬಳಿಯಲ್ಲಿ. ಹತ್ತು ನಿಮಿಷದ ಕಥೆಗೆ ಎರಡು ಸಲ ಓಡಾಟ. ಬಂದು ಮಾಡಲು ಮರೆತರೆ ಅದು ರಾತ್ರಿಯಿಡೀ ಕಾಯುತ್ತ ಕುಳಿತಿರುತ್ತದೆ. ಬರಬರುತ್ತ ಈ ಬೇಸರಕ್ಕೆ ಕಥೆಯೇ ತಪ್ಪತೊಡಗಿತು.

ಈಚಿನ ಕೆಲವು ಆಂಪ್ಲಿಫಾಯರುಗಳಿಗೆ ದೂರದಿಂದ ಎಬ್ಬಿಸಲು 12 ವೋಲ್ಟಿನ ಪ್ರತ್ಯೇಕ ಜೋಡಣೆ ಇರುತ್ತದೆ. ನಮ್ಮದಕ್ಕೆ ಮುಖದ ಮೇಲಿನ ಸ್ವಿಚ್ಚೊಂದೇ. ಅದನ್ನು ಸದಾ ಒತ್ತಿಟ್ಟು, ಗೋಡೆಯ ಪ್ಲಗ್ಗಿಗೂ ಅದಕ್ಕೂ ನಡುವೆ ಒಂದು ರಿಲೇ ಇರಿಸಿದೆವು. ಫೋನಿನಿಂದ ಬರುವ ಕ್ಷೀಣ ಸಂಕೇತವನ್ನು ಎಲ್‌ಎಂ 358 ಎಂಬ ಚಿಪ್ಪು ಹಿಗ್ಗಿಸುತ್ತದೆ. ಡಯೋಡು ಅದನ್ನು ಏಕಮುಖವಾಗಿಸಿ 220 ಮೈಕ್ರೋಫ್ಯಾರಡಿನ ಕೆಪಾಸಿಟರಿಗೆ ತುಂಬುತ್ತದೆ. ಆ ವೋಲ್ಟೇಜು 2ಎನ್7000 ಟ್ರಾನ್ಸಿಸ್ಟರಿನ ಮೂಲಕ ರಿಲೇಯನ್ನು ಎಳೆಯುತ್ತದೆ. ಕೆಪಾಸಿಟರಿಗೆ ಅಡ್ಡಲಾಗಿ 10 ಲಕ್ಷ ಓಮಿನ ರೋಧಕವಿದೆ. ಸಣ್ಣ ತೂತಿನ ಕೊಡದಂತೆ ಅದು ಬರಿದಾಗಲು ಸುಮಾರು 5 ನಿಮಿಷ ಬೇಕು. ಕಥೆಯ ನಡುವೆ ಓದುವವರು ಉಸಿರು ತೆಗೆದುಕೊಂಡರೆ ಯಂತ್ರ ನಿಲ್ಲದು. ಕಥೆ ಮುಗಿದ ಮೇಲೆ ತಾನಾಗಿ ನಿಲ್ಲುವುದು. ಕರೆಂಟು ಬಹಳ ಹೊತ್ತು ಹೋಗಿ ನಡುರಾತ್ರಿ ಮರಳಿದರೂ ಅದು ಎಚ್ಚರಗೊಳ್ಳುವುದಿಲ್ಲ. ರಿಲೇಯ ಸುರುಳಿಗೆ ಅಡ್ಡಲಾಗಿ ಹಿಮ್ಮುಖದ ಡಯೋಡೊಂದು ಬೇಕೇ ಬೇಕು; ಇಲ್ಲವಾದರೆ ಸುರುಳಿಯಿಂದ ಚಿಮ್ಮುವ ವೋಲ್ಟೇಜಿಗೆ ಟ್ರಾನ್ಸಿಸ್ಟರು ಉಳಿಯಲಾರದು.

ಮೊದಲ ರಿಲೇಯ ವಿಷಯದಲ್ಲಿ ನಾವೇ ಎಡವಿದೆವು. ಆಂಪ್ಲಿಫಾಯರ್ ನಡೆಯುವಾಗ ಒಂದು ಆಂಪಿಯರೂ ಎಳೆಯದೆಂದು ಚಿಕ್ಕದನ್ನು ಹಾಕಿದ್ದೆವು. ಚಾಲೂ ಆಗುವ ಕ್ಷಣದಲ್ಲಿ ಅದರ ಟ್ರಾನ್ಸ್‌ಫಾರ್ಮರು ಹಲವು ಪಟ್ಟು ಎಳೆಯುತ್ತದೆಂಬುದನ್ನು ಎಣಿಸಿರಲಿಲ್ಲ. ಸಂಪರ್ಕದ ತುದಿಗಳು ಬೆಸೆದುಕೊಂಡು ಶನಿವಾರ ಚಾಲೂ ಆದದ್ದು ಸೋಮವಾರದವರೆಗೂ ನಡೆದೇ ಇತ್ತು. ಈಗಿರುವುದು 10 ಆಂಪಿಯರಿನ ರಿಲೇ.

ವಾಚಕರಲ್ಲಿ ಯಾರಾದರೂ ಇದನ್ನು ಮಾಡಹೊರಟರೆ ಒಂದು ಮಾತು. ಟ್ರಾನ್ಸ್‌ಫಾರ್ಮರಿಲ್ಲದೆ ನೇರ ಮನೆಯ ಕರೆಂಟಿನಿಂದಲೇ 12 ವೋಲ್ಟು ಪಡೆಯುವ ಅಗ್ಗದ ಸರ್ಕಿಟುಗಳುಂಟು. ಅವನ್ನು ಇಲ್ಲಿ ಬಳಸಲೇಬಾರದು. ಫೋನಿನ ತಂತಿಗೇ 230 ವೋಲ್ಟು ಬಂದೀತು, ಆ ತಂತಿ ಹಾಯುವುದು ಮಕ್ಕಳ ನಡುವೆ. ನಮ್ಮಲ್ಲಿ 230 ವೋಲ್ಟಿನ ಭಾಗವನ್ನೆಲ್ಲ ಪರವಾನಗಿಯುಳ್ಳ ವೈರ್‌ಮನ್‌ನಿಂದಲೇ ಮಾಡಿಸಿ, ಪೆಟ್ಟಿಗೆಯಲ್ಲಿ ಮುಚ್ಚಿಸಿ, ಕಚೇರಿಯಲ್ಲಿಯೇ ಇಟ್ಟಿದ್ದೇವೆ. ರಿಲೇ ಕಡಿಯುವುದು ಫೇಸನ್ನು, ನ್ಯೂಟ್ರಲನ್ನಲ್ಲ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಯಂತ್ರ ಎಚ್ಚೆತ್ತು ನುಡಿಯಲು ಒಂದೆರಡು ಸೆಕೆಂಡು ಹಿಡಿಯುವುದರಿಂದ ಕಥೆಯ ಹೆಸರೇ ನುಂಗಿಹೋಗುತ್ತಿತ್ತು. ಶಿಕ್ಷಕಿಯವರು ಪ್ರತಿ ಕಥೆಯ ಮುಂದೆ ಶಾಲೆಯ ಗಂಟೆಯ ನಾಲ್ಕು ಬಡಿತಗಳನ್ನು ಧ್ವನಿಮುದ್ರಿಸಿದರು. ಮೊದಲೆರಡು ಯಂತ್ರಕ್ಕೆ, ಉಳಿದೆರಡು ಮಕ್ಕಳಿಗೆ. ಗಂಟೆ ಕೇಳಿದೊಡನೆ ಒಂದನೆಯ ತರಗತಿಯವರು ಸ್ಪೀಕರಿನತ್ತ ಮುಖಮಾಡಿ ಕುಳಿತುಕೊಳ್ಳುತ್ತಾರೆ. ಕಳೆದ ವಾರ ಗಂಟೆಯ ಬೆನ್ನಿಗೇ ಫೋನಿನ ಚಾರ್ಜು ಮುಗಿದು ಕಥೆ ಬಾರದೆ ಹೋಯಿತು. ತುಸು ಹೊತ್ತು ಕಾದ ಹುಡುಗಿಯೊಬ್ಬಳು ಎದ್ದು ನಿಂತು ಹಿಂದಿನ ದಿನದ ಕಥೆಯನ್ನು ತಾನೇ ಹೇಳತೊಡಗಿದಳು. ನಡುವೆ ಎರಡು ಮರಾಠಿ ಶಬ್ದ ಬಂದವು, ನಾವು ತಿದ್ದಲಿಲ್ಲ.