ಹಡಗಿನ ಹೊಗೆಗೆ ಬೆಲೆ ತೆರುವವರಾರು?

ಅಡುಗೆಮನೆಯ ತಾಳೆ ಎಣ್ಣೆಯಿಂದ ಹೊಲದ ಗೊಬ್ಬರದವರೆಗೆ ನಾವು ಬಳಸುವ ಎಷ್ಟೋ ವಸ್ತುಗಳು ಕಡಲು ದಾಟಿ ಬಂದವು. ಜಗತ್ತಿನ ವಾಣಿಜ್ಯ ಸರಕಿನ ಶೇ. 80ಕ್ಕೂ ಹೆಚ್ಚು ಭಾಗ ಸಾಗುವುದು ಹಡಗುಗಳಲ್ಲಿಯೇ. ಇದಕ್ಕಿಂತ ಮಿತವ್ಯಯದ ಸಾಗಾಟ ಬೇರೊಂದಿಲ್ಲವೆಂಬುದು ನಿಜ. ಆದರೆ ಮಾನವ ಚಟುವಟಿಕೆಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 3ರಷ್ಟು ಹಡಗುಗಳದ್ದೇ ಆಗಿದೆ. ಆ ಹೊಗೆ ನಡುಗಡಲಿನಲ್ಲಿ ಕರಗಿಹೋಗುತ್ತದೆಂದು ಸಮಾಧಾನಪಡುವಂತಿಲ್ಲ. ಬಂದರಿನ ನೆರೆಹೊರೆಯವರೂ ಹಡಗಿನ ಸಿಬ್ಬಂದಿಯೂ ಅದನ್ನು ಉಸಿರಾಡುತ್ತಾರೆ.

ಕಟ್ಟುನಿಟ್ಟಿನ ನಿಯಮದಿಂದ ಪ್ರಯೋಜನವುಂಟೆಂಬುದಕ್ಕೆ ನಿದರ್ಶನವಿದೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಲಾಯಿತು. ಗಂಧಕದ ಹೊಗೆ ಗಣನೀಯವಾಗಿ ತಗ್ಗಿತು. ಆದರೆ ಕೆಲವು ಮಾಲೀಕರು ಅಗ್ಗದ ಇಂಧನವನ್ನೇ ಉರಿಸುತ್ತ, ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಯಂತ್ರಗಳನ್ನು ಅಳವಡಿಸಿದರು. ಅವುಗಳಲ್ಲಿ ಬಹುಪಾಲು ತೊಳೆದ ನೀರನ್ನು ಮತ್ತೆ ಕಡಲಿಗೇ ಬಿಡುತ್ತವೆ. ಗಾಳಿಯ ಕೊಳೆಯನ್ನು ನೀರಿಗೆ ಸುರಿಯುವುದನ್ನು ನಾವು ಹಸಿರು ತಂತ್ರಜ್ಞಾನವೆಂದು ಒಪ್ಪಲಾರೆವು.

ನಿಜವಾದ ಮಾರ್ಗಗಳಿಗೆ ಕೊರತೆಯಿಲ್ಲ. ದಕ್ಕೆಗೆ ತಾಗಿ ನಿಂತ ಹಡಗಿಗೆ ದಡದಿಂದಲೇ ವಿದ್ಯುತ್ ಒದಗಿಸಿದರೆ ಅದರ ಜನರೇಟರುಗಳನ್ನು ನಿಲ್ಲಿಸಬಹುದು. ವೇಗವನ್ನು ಹತ್ತನೇ ಒಂದು ಪಾಲು ತಗ್ಗಿಸಿದರೆ, ಪಯಣ ದೀರ್ಘವಾದರೂ, ಒಟ್ಟು ಇಂಧನದಲ್ಲಿ ಸುಮಾರು ಐದನೇ ಒಂದು ಪಾಲು ಉಳಿಯುತ್ತದೆ. 2023ರಲ್ಲಿ 'ಪಿಕ್ಸಿಸ್ ಓಷನ್' ಎಂಬ ಸರಕು ಹಡಗು ಬೃಹತ್ ಹಾಯಿಗಳನ್ನು ಹೊತ್ತು ಯಾನ ಮಾಡಿತು. ಅದೇ ವರ್ಷ ಮೆಥನಾಲ್‌ನಿಂದಲೂ ಚಲಿಸಬಲ್ಲ ಕಂಟೇನರ್ ಹಡಗು 'ಲಾರಾ ಮೇರ್ಸ್ಕ್' ಸೇವೆಗಿಳಿಯಿತು.

ಹಾಗಾದರೆ ತೊಡಕೆಲ್ಲಿ? ವೆಚ್ಚ ಯಾರದೆಂಬಲ್ಲಿ. 2050ರ ಸುಮಾರಿಗೆ ಹಡಗುಗಳ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸಲು ಅಂತಾರಾಷ್ಟ್ರೀಯ ಸಾಗರಯಾನ ಸಂಸ್ಥೆಯ ರಾಷ್ಟ್ರಗಳು 2023ರಲ್ಲಿ ಸಮ್ಮತಿಸಿದವು. ಮಿತಿ ಮೀರಿದ ಹೊಗೆಗೆ ಶುಲ್ಕ ವಿಧಿಸುವ ಯೋಜನೆಗೆ 2025ರ ಏಪ್ರಿಲ್‌ನಲ್ಲಿ ಅನುಮೋದನೆಯೂ ದೊರೆಯಿತು. ಆದರೆ ಅದನ್ನು ಅಂಗೀಕರಿಸಬೇಕಾಗಿದ್ದ ಅಕ್ಟೋಬರ್ ಸಭೆ, 57-49 ಮತಗಳಿಂದ, ನಿರ್ಧಾರವನ್ನೇ ಒಂದು ವರ್ಷ ಮುಂದಕ್ಕೆ ಹಾಕಿತು. ಶುಲ್ಕದಿಂದ ಸರಕಿನ ಬೆಲೆ ಏರೀತೆಂಬ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶುಲ್ಕವಿಲ್ಲದ ಮಾತ್ರಕ್ಕೆ ಹೊಗೆ ಬಿಟ್ಟಿಯಾಗುವುದಿಲ್ಲ. ಅದರ ಬೆಲೆಯನ್ನು ಕಡಲತೀರದ ಬಡವರು ಕಾಯಿಲೆಯ ರೂಪದಲ್ಲಿ ತೆರುತ್ತಲೇ ಇರುತ್ತಾರೆ.

ಕರಾವಳಿಯ ನಮ್ಮ ಅನೇಕ ಕುಟುಂಬಗಳ ಮಕ್ಕಳು ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ನಾಳಿನ ಇಂಧನವೆನ್ನಲಾದ ಅಮೋನಿಯಾ ವಿಷಕಾರಿ. ಮೆಥನಾಲ್ ಸಹ ಅಪಾಯದಿಂದ ಹೊರತಲ್ಲ. ಆದುದರಿಂದ ಹೊಸ ಎಂಜಿನ್ ಬರುವ ಮುನ್ನ ನಾವಿಕರಿಗೆ ತಕ್ಕ ತರಬೇತಿಯೂ ರಕ್ಷಣೆಯೂ ದೊರೆಯಬೇಕು. ಸಂಗ್ರಹವಾಗುವ ಶುಲ್ಕದ ಒಂದು ಪಾಲು ಇದಕ್ಕೆ ಮೀಸಲಾಗಲಿ. ಗಾಳಿಯನ್ನು ಶುದ್ಧಗೊಳಿಸುವ ಕಾರ್ಯ ದುಡಿಯುವವನ ಪ್ರಾಣವನ್ನು ಪಣಕ್ಕಿಟ್ಟು ನಡೆಯಬಾರದು.