ಬದುಕಿದ್ದೇವೆ ಅನ್ನೋದಕ್ಕೆ ಎಷ್ಟು ಕಾಗದ ಬೇಕು?



ಒಗ್ಗರಣೆಗೆ ಎಣ್ಣೆ ಅಳೆದು ಹಾಕುವ ನಮಗೆ ಮಿತವ್ಯಯದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಸರ್ಕಾರಿ ಕಚೇರಿಗಳೂ ಅದೇ ಪಾಠ ಕಲಿಯುತ್ತಿವೆ. ನೌಕರರಿಗೆ ಸಂಬಂಧಪಟ್ಟ ಕೆಲಸಗಳಲ್ಲಿ ಕಾಗದ, ವಿದ್ಯುತ್ತು, ಓಡಾಟ ಕಡಿಮೆ ಮಾಡುವ ಪದ್ಧತಿಗೆ ‘ಹಸಿರು ಸಿಬ್ಬಂದಿ ನಿರ್ವಹಣೆ’ ಅಂತ ಹೆಸರು. ಹೆಸರು ದೊಡ್ಡದು, ವಿಷಯ ಮಾತ್ರ ನಮ್ಮ ಅಡುಗೆಮನೆಯದೇ ಅನ್ನಿ!

ನೌಕರರು ಕೆಲಸಕ್ಕೆ ಸೇರಿದ ದಿನದಿಂದ ಎಷ್ಟೊಂದು ಕಾಗದ ನೋಡಿ. ನೇಮಕದ ಆದೇಶ, ಸೇವಾ ಪುಸ್ತಕ, ರಜೆಯ ಅರ್ಜಿ, ಸಂಬಳದ ಬಿಲ್ಲು. ನಮ್ಮ ರಾಜ್ಯದಲ್ಲಿ ಸಂಬಳದ ಬಿಲ್ಲು ಈಗ ಎಚ್‌ಆರ್‌ಎಂಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ತಯಾರಾಗುತ್ತದೆ. ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿದ ‘ಮಿಷನ್ ಕರ್ಮಯೋಗಿ’ಯಲ್ಲಿ ನೌಕರರು ಊರು ಬಿಡದೆ ಮೊಬೈಲಿನಲ್ಲೇ ಹಲವು ಪಾಠಗಳನ್ನು ಕಲಿಯಬಹುದು.

ಇದೆಲ್ಲ ಕಚೇರಿಯ ಮಾತಾಯಿತು. ನಮ್ಮ ಹೊಸ್ತಿಲವರೆಗೂ ಬರುವಂಥದ್ದು ಒಂದಿದೆ. ಅದೇ ಪಿಂಚಣಿದಾರರ ಜೀವಿತ ಪ್ರಮಾಣಪತ್ರ. ಕೇಂದ್ರದ ಪಿಂಚಣಿದಾರರು ಇದನ್ನು ಪ್ರತಿ ನವೆಂಬರಿನಲ್ಲಿ ಕೊಡಬೇಕು. 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಕೊಡದಿದ್ದರೆ ಪಿಂಚಣಿ ನಿಂತುಹೋಗುತ್ತದೆ. ಅತ್ತೆಯವರ ಔಷಧಿ, ಹಾಲಿನ ಲೆಕ್ಕ ಎಲ್ಲ ಅದರ ಮೇಲೇ ನಿಂತಿರುತ್ತದಲ್ಲ!

2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಬಂತು. ಆಧಾರ್ ಮೂಲಕ ಬೆರಳಚ್ಚು ಕೊಟ್ಟರೆ ಪ್ರಮಾಣಪತ್ರ ತಾನಾಗಿಯೇ ಪಿಂಚಣಿ ಕೊಡುವವರಿಗೆ ತಲುಪುತ್ತದೆ. ಆದರೆ ಜೀವನವಿಡೀ ಪಾತ್ರೆ ತಿಕ್ಕಿ, ಬಟ್ಟೆ ಒಗೆದ ಕೈಗಳಲ್ಲಿ ಗೆರೆ ಸವೆದಿರುತ್ತೆ, ಯಂತ್ರ ಒಪ್ಪೋದಿಲ್ಲ. ಅಂಥವರಿಗಾಗಿ 2021ರಿಂದ ಮುಖ ತೋರಿಸಿದರೂ ಆಗುತ್ತದೆ. ಕುಟುಂಬ ಪಿಂಚಣಿ ಪಡೆಯುವ ಹೆಂಗಸರಿಗೂ ಈ ಅನುಕೂಲ ಉಂಟು.

ಮನೆಯಲ್ಲಿ ಹೀಗೆ ಮಾಡಿ. ಆಧಾರ್ ಸಂಖ್ಯೆ, ಪಿಂಚಣಿ ಆದೇಶದ (ಪಿಪಿಒ) ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿಡಿ. ಸ್ಮಾರ್ಟ್‌ಫೋನಿನಲ್ಲಿ ‘ಜೀವನ್ ಪ್ರಮಾಣ್’ ಮತ್ತು ‘ಆಧಾರ್ ಫೇಸ್ ಆರ್‌ಡಿ’ ಆ್ಯಪ್‌ಗಳನ್ನು ಹಾಕಿಕೊಳ್ಳಿ. ಹಿರಿಯರನ್ನು ಒಳ್ಳೆಯ ಬೆಳಕಿನಲ್ಲಿ ಕೂರಿಸಿ. ಮುಗಿದ ಮೇಲೆ ಮೊಬೈಲಿಗೆ ಸಂದೇಶ ಬರುತ್ತದೆ. ಫೋನಿಲ್ಲದಿದ್ದರೆ ಅಂಚೆಯಣ್ಣನನ್ನು ಕೇಳಿ. ಸಣ್ಣ ಶುಲ್ಕಕ್ಕೆ ಮನೆಗೇ ಬಂದು ಮಾಡಿಕೊಡುವ ಸೇವೆ ಅಂಚೆ ಇಲಾಖೆಯಲ್ಲಿದೆ. ರಾಜ್ಯ ಸರ್ಕಾರದ ಪಿಂಚಣಿಯಾದರೆ ಯಾವಾಗ, ಹೇಗೆ ಕೊಡಬೇಕೆಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ.

ಎರಡು ಎಚ್ಚರಿಕೆ. ಫೋನ್ ಮಾಡಿ ಯಾರಾದರೂ ಒಟಿಪಿ ಕೇಳಿದರೆ ಖಂಡಿತ ಹೇಳಬೇಡಿ. ಇನ್ನು, ಸೈಬರ್ ಅಂಗಡಿಯಲ್ಲಿ ಮೂರು ಪ್ರತಿ ಪ್ರಿಂಟ್ ತೆಗೆಸಿ, ಆಟೋ ಹಿಡಿದು ಬ್ಯಾಂಕಿಗೆ ಕೊಂಡೊಯ್ದರೆ ಏನು ಉಳಿದ ಹಾಗಾಯಿತು, ಹೇಳಿ? ಸಂದೇಶದ ಸಂಖ್ಯೆಯನ್ನು ಬರೆದಿಟ್ಟರೆ ಸಾಕು.

ಹಾಗಂತ ಕಾಗದವನ್ನೇ ಪೂರ್ತಿ ನಿಲ್ಲಿಸಬೇಕೆಂದು ನಾನು ಹೇಳಲಾರೆ. ಕಣ್ಣು ಮಂಜಾದವರು, ಹಾಸಿಗೆ ಹಿಡಿದವರು, ನೆಟ್‌ವರ್ಕ್ ಸಿಗದ ಊರಿನವರು ಇದ್ದಾರೆ. ಅವರಿಗೆ ಹಳೆಯ ಕಾಗದದ ದಾರಿ ಈಗಲೂ ತೆರೆದಿದೆ, ತೆರೆದೇ ಇರಬೇಕು. ಒಂದು ಹಾಳೆ ಉಳಿಸಲು ಹೋಗಿ ಒಬ್ಬ ಅಜ್ಜಿಯ ಅನ್ನ ನಿಂತರೆ ಅದು ಮಿತವ್ಯಯವಲ್ಲ. ನಿಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿಯದ್ದೂ ಆಯಿತೇ ಅಂತ ಒಮ್ಮೆ ಕೇಳಿ ಬನ್ನಿ.